ತಮಟೆ ಹಿಡಿದ ಕೈ

ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಿನ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ತಮಟೆಯ ಸದ್ದು ಕಿವಿಗೆ ಬಿದ್ದರೆ ಸಾಕು, ಅದು ಏನು ಸುದ್ದಿ ಎಂದು ಹಿರಿಯರು ಜಗಲಿಯಿಂದ ಏಳದೆಯೇ ಹೇಳಿಬಿಡುತ್ತಿದ್ದರು. ಸಾವಿನ ಪೆಟ್ಟು ಬೇರೆ, ಅಮ್ಮನ ಹಬ್ಬದ ಪೆಟ್ಟು ಬೇರೆ. ನಾಳೆ ಕೆರೆಯ ತೂಬು ಎತ್ತುತ್ತಾರೆ, ಕಂದಾಯ ವಸೂಲಿಗೆ ಶಾನುಭೋಗರು ಬರುತ್ತಾರೆ ಎಂದು ಡಂಗುರ ಸಾರುವಾಗಿನ ಪೆಟ್ಟು ಇನ್ನೊಂದು. ಮೈಕು, ರೇಡಿಯೊ, ಪತ್ರಿಕೆ ಯಾವುದೂ ತಲುಪದ ದಿನಗಳಲ್ಲಿ ಅಕ್ಷರ ಬಲ್ಲವನಿಗೂ ಬಾರದವನಿಗೂ ಒಂದೇ ರೀತಿ ಅರ್ಥವಾಗುತ್ತಿದ್ದ ಭಾಷೆ ಅದು. ಆ ಭಾಷೆಯನ್ನು ಆಡುತ್ತಿದ್ದವರು ಮಾತ್ರ ಊರ ಹೊರಗಿನ ಕೇರಿಯವರು. ಸುದ್ದಿಯನ್ನು ಮನೆ ಮನೆಗೂ ಮುಟ್ಟಿಸುತ್ತಿದ್ದವನು ಯಾವ ಮನೆಯ ಹೊಸಿಲನ್ನೂ ದಾಟುವಂತಿರಲಿಲ್ಲ.

ಈ ಮೂರು ತಾಲ್ಲೂಕುಗಳ ನೆಲ ಒಂದೇ ತೆರನಾದುದಲ್ಲ. ಕಡೂರಿನ ಕಡೆ ಬಯಲು, ತೆಂಗು, ಕೆರೆಗಳು. ತರೀಕೆರೆ ಅರ್ಧ ಬಯಲು, ಅರ್ಧ ಮಲೆನಾಡು. ಬಹುಕಾಲ ತರೀಕೆರೆಯ ಭಾಗವಾಗಿದ್ದು ಈಚೆಗೆ ಪ್ರತ್ಯೇಕ ತಾಲ್ಲೂಕಾದ ಅಜ್ಜಂಪುರದಲ್ಲಿ ಈರುಳ್ಳಿ ಬೆಳೆಯುವ ಹೊಲಗಳು, ಅಮೃತಮಹಲ್ ದನಗಳ ಕಾವಲು. ವಾದ್ಯಗಳೂ ಒಂದೆರಡಲ್ಲ. ವೀರಗಾಸೆಯವರ ಚಮ್ಮಾಳ, ಬೀರೂರಿನ ಮೈಲಾರಲಿಂಗನ ಒಕ್ಕಲಾದ ಕುರುಬರ ಡೊಳ್ಳು, ಉರುಮೆ, ನಗಾರಿ ಹೀಗೆ. ಇವುಗಳಲ್ಲಿ ಒಂದೊಂದು ವಾದ್ಯಕ್ಕೂ ಒಂದೊಂದು ದೈವವಿದೆ, ಒಂದೊಂದು ಮರ್ಯಾದೆಯಿದೆ. ಡೊಳ್ಳನ್ನು ದೇವರಂತೆ ಪೂಜಿಸಿ ಕೆಳಗಿಳಿಸುತ್ತಾರೆ. ತಮಟೆಗೆ ಆ ಭಾಗ್ಯ ಇರಲಿಲ್ಲ. ದೇವಿಯ ಮೆರವಣಿಗೆ ಅದಿಲ್ಲದೆ ಹೊರಡುತ್ತಿರಲಿಲ್ಲ, ಆದರೂ ಗುಡಿಯ ಒಳಗೆ ಅದಕ್ಕೆ ಜಾಗವಿರಲಿಲ್ಲ.

ವಾದ್ಯದ ರಚನೆ ಸರಳ. ಮರದ ಅಥವಾ ಕಬ್ಬಿಣದ ಬಳೆ, ಅದರ ಒಂದು ಬದಿಗೆ ಬಿಗಿದ ಚರ್ಮ. ಒಂದು ಗಿಡ್ಡ ಕೋಲು, ಒಂದು ಉದ್ದನೆಯ ತೆಳುವಾದ ಕಡ್ಡಿ. ನುಡಿಸುವ ಮುನ್ನ ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಬೇಕು. ಚರ್ಮ ಬಿಗಿದುಕೊಂಡಾಗಲೇ ಅದಕ್ಕೆ ಗಂಟಲು ಬರುವುದು. ಮಳೆಗಾಲದಲ್ಲಿ ಸಾವಾದರೆ ನುಡಿಸುವವರ ಪಾಡು ಹೇಳತೀರದು. ಹತ್ತು ಹೆಜ್ಜೆಗೊಮ್ಮೆ ಒಣಹುಲ್ಲು ಹುಡುಕಬೇಕು. ಸತ್ತ ದನವನ್ನು ಹೊತ್ತೊಯ್ಯುವವರು, ಅದರ ಚರ್ಮ ಸುಲಿದು ಹದ ಮಾಡುವವರು, ಆ ಚರ್ಮದಿಂದ ಮಾಡಿದ ವಾದ್ಯ ಬಾರಿಸುವವರು ಎಲ್ಲರೂ ಹೊಲೆಯ, ಮಾದಿಗ ಕೇರಿಗಳವರೇ ಆಗಿದ್ದರಿಂದ ವಾದ್ಯವೂ ಅವರ ಜೊತೆಗೇ ಊರ ಹೊರಗೆ ಉಳಿಯಿತು.

ಹಳೆಯ ಮೈಸೂರು ಸೀಮೆಯಲ್ಲಿ ಇದು ಕಲೆ ಎನಿಸಿಕೊಂಡಿರಲಿಲ್ಲ, ಕರ್ತವ್ಯವಾಗಿತ್ತು. ಊರಿನ ಆಯಗಾರರ ಏರ್ಪಾಟಿನಲ್ಲಿ ತೋಟಿ, ತಳವಾರರಿಗೆ ಇಂತಿಂಥ ಕೆಲಸ ಎಂದು ಗೊತ್ತುಮಾಡಿದ್ದ ಹಾಗೆ, ಜಮೀನಿದ್ದ ಮನೆತನಕ್ಕೂ ಕೇರಿಯ ಒಂದೊಂದು ಕುಟುಂಬಕ್ಕೂ ‘ಹಳೇಮಗ’ನ ಸಂಬಂಧವಿತ್ತು. ಒಡೆಯನ ಮನೆಯಲ್ಲಿ ಮದುವೆಯಾದರೂ ಸಾವಾದರೂ ಹಳೇಮಗ ಬರಲೇಬೇಕು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಮೇರೆ ಪಡೆಯಬೇಕು. ಅದು ಕೂಲಿಯಲ್ಲ, ಬೇಡಿ ಪಡೆಯುವ ಪಾಲು. ಬಾರಿಸಲಾರೆ ಎಂದವನಿಗೆ ಆ ಪಾಲು ತಪ್ಪುತ್ತಿತ್ತು. ಅಷ್ಟಕ್ಕೇ ಮುಗಿಯುತ್ತಲೂ ಇರಲಿಲ್ಲ. ಕರ್ನಾಟಕ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದದ್ದು 1961ರಲ್ಲಿ. ವಂಶಪಾರಂಪರ್ಯದ ಹುದ್ದೆ ಕಾಗದದ ಮೇಲೆ ಹೋಯಿತು. ತಮಟೆಯ ಕರ್ತವ್ಯ ಯಾವ ಕಾಗದದ ಮೇಲೂ ಇರಲಿಲ್ಲವಾದ್ದರಿಂದ ಅದನ್ನು ರದ್ದು ಮಾಡುವುದು ಅಷ್ಟು ಸುಲಭವಾಗಲಿಲ್ಲ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಸಂಗೀತವನ್ನು ಪ್ರತಿಭಟನೆಯ ದನಿ, ಒಂದು ಜನಾಂಗದ ನೆನಪಿನ ಬುತ್ತಿ ಎಂದೆಲ್ಲ ಬಣ್ಣಿಸುವಾಗ ಜಗತ್ತು ಮೊದಲು ನೆನೆಯುವುದು ಅಮೆರಿಕದ ಕಪ್ಪುಜನರನ್ನು. ಆ ಹೋಲಿಕೆಯನ್ನು ನಮ್ಮ ದಲಿತ ಚಳವಳಿಯೂ ಮಾಡಿಕೊಂಡಿತು, ನ್ಯಾಯವಾಗಿಯೇ ಮಾಡಿಕೊಂಡಿತು. ಜೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ ಪುಸ್ತಕವನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗಾಗಿ ಹೋರಾಡಿದ ಅಮೆರಿಕದ ಜನರಿಗೆ. 1946ರಲ್ಲಿ ಅಂಬೇಡ್ಕರ್ ಅವರು ಕಪ್ಪು ಚಿಂತಕ ಡು ಬೋಯಿಸ್ ಅವರಿಗೆ ಪತ್ರ ಬರೆದಿದ್ದರು. 1972ರಲ್ಲಿ ಮುಂಬಯಿಯ ತರುಣ ಕವಿಗಳು ಕಟ್ಟಿದ ‘ದಲಿತ ಪ್ಯಾಂಥರ್ಸ್’ ಹೆಸರು ಪಡೆದದ್ದು ಅಮೆರಿಕದ ‘ಬ್ಲ್ಯಾಕ್ ಪ್ಯಾಂಥರ್’ ಪಕ್ಷದಿಂದ. ಆದರೆ ವಾದ್ಯದ ವಿಷಯಕ್ಕೆ ಬಂದಾಗ ಎರಡೂ ಕಥೆಗಳು ಒಂದಕ್ಕೊಂದು ತೀರ ತಿರುಗುಮುರುಗು. ಅಲ್ಲಿ ಒಡೆಯರು ಗುಲಾಮರಿಂದ ವಾದ್ಯವನ್ನು ಕಿತ್ತುಕೊಂಡರು. ಇಲ್ಲಿ ಒಡೆಯರು ವಾದ್ಯವನ್ನು ಕೊರಳಿಗೆ ಕಟ್ಟಿದರು.

1739ರ ಸೆಪ್ಟೆಂಬರಿನ ಒಂದು ಭಾನುವಾರ. ಅಮೆರಿಕದ ದಕ್ಷಿಣ ಕ್ಯಾರೊಲೈನಾದಲ್ಲಿ, ಚಾರ್ಲ್ಸ್‌ಟನ್ ಪಟ್ಟಣಕ್ಕೆ ಹತ್ತಿರದ ಸ್ಟೋನೊ ನದಿಯ ದಂಡೆಯಲ್ಲಿ ಗುಲಾಮರು ಬಂಡೆದ್ದರು. ಅಂಗಡಿಯೊಂದನ್ನು ಒಡೆದು ಬಂದೂಕು ಹಿಡಿದು, ಬಾವುಟ ಎತ್ತಿ, ಮದ್ದಲೆ ಬಾರಿಸುತ್ತ ದಕ್ಷಿಣಕ್ಕೆ ಹೊರಟರು. ಮದ್ದಲೆಯ ಸದ್ದು ಕೇಳಿದ ಇತರ ತೋಟಗಳ ಗುಲಾಮರು ಬಂದು ಸೇರಿಕೊಂಡರು. ಬಂಡಾಯ ಅಡಗಿತು. ಮರುವರ್ಷ, 1740ರಲ್ಲಿ, ಬಂದ ಕಾನೂನು ಗುಲಾಮರು ಮದ್ದಲೆ, ಕೊಂಬು ಮೊದಲಾದ ದೊಡ್ಡ ಸದ್ದಿನ ವಾದ್ಯಗಳನ್ನು ಇಟ್ಟುಕೊಳ್ಳುವುದನ್ನು ನಿಷೇಧಿಸಿತು. ಪಶ್ಚಿಮ ಆಫ್ರಿಕಾದಲ್ಲಿ ಮದ್ದಲೆ ಸುದ್ದಿ ಸಾರುತ್ತದೆ ಎಂಬುದನ್ನು ಬಿಳಿಯರು ಆ ವೇಳೆಗೆ ಅರಿತುಕೊಂಡಿದ್ದರು. ತಮಗೆ ತಿಳಿಯದ ಭಾಷೆಯಲ್ಲಿ ತಮ್ಮ ಆಳುಗಳು ಮಾತಾಡಿಕೊಳ್ಳುವುದು ಅವರಿಗೆ ಬೇಕಿರಲಿಲ್ಲ.

ವಾದ್ಯ ಹೋದ ಮೇಲೆ ಮೈಯೇ ವಾದ್ಯವಾಯಿತು. ತೊಡೆ, ಎದೆ, ಅಂಗೈ ತಟ್ಟಿ ತಾಳ ಹುಟ್ಟಿಸಿದರು. ಮರದ ನೆಲದ ಮೇಲೆ ವೃತ್ತವಾಗಿ ನಿಂತು ಪಾದ ಎಳೆಯುತ್ತ ಪ್ರಾರ್ಥಿಸಿದರು. ಹತ್ತಿಯ ಹೊಲದಲ್ಲಿ ಒಬ್ಬ ಕೂಗಿದರೆ ಉಳಿದವರು ಓಗೊಡುವ ಪದ್ಧತಿ ಬೆಳೆಯಿತು. ಮುಂದೆ ಬಂದ ಆಧ್ಯಾತ್ಮಿಕ ಗೀತೆ, ಬ್ಲೂಸ್, ಜಾಝ್ ಎಲ್ಲವುಗಳ ಬುಡದಲ್ಲಿ ಈ ಕಿತ್ತುಕೊಂಡ ಮದ್ದಲೆಯ ನೆನಪು ಇದೆ ಎನ್ನುವುದು ಬರೀ ಕಾವ್ಯದ ಮಾತಲ್ಲ. ಆ ಚಾರ್ಲ್ಸ್‌ಟನ್‌ನಲ್ಲಿಯೇ, ಇನ್ನೂರು ವರ್ಷಗಳ ಬಳಿಕ, 1945ರಲ್ಲಿ ತಂಬಾಕು ಕಾರ್ಖಾನೆಯ ಕೆಲಸಗಾರರು ಮುಷ್ಕರ ಹೂಡಿದರು. ಅವರಲ್ಲಿ ಹೆಚ್ಚಿನವರು ಕಪ್ಪು ಹೆಂಗಸರು. ಚರ್ಚಿನ ಹಳೆಯ ಹಾಡೊಂದನ್ನು ಅವರು ಮುಷ್ಕರದ ಹಾಡಾಗಿ ಹಾಡಿದರು. ‘ವಿ ಶಲ್ ಓವರ್‌ಕಮ್’ ಎಂದು ಮುಂದೆ ಜಗತ್ತಿಗೆಲ್ಲ ಹಬ್ಬಿದ್ದು ಅದು. ಕನ್ನಡಕ್ಕೂ ಬಂದಿತು. ನಮ್ಮ ಶಾಲೆಗಳ ಮಕ್ಕಳೂ ಅದನ್ನು ಹಾಡುತ್ತಾರೆ. ಅದರ ಹಿಂದೆ ಬೀಡಿ ಕಟ್ಟುವ ಹೆಂಗಸರಂಥವರೇ ಇದ್ದರು ಎಂಬುದನ್ನು ಮಕ್ಕಳಿಗೆ ಯಾರಾದರೂ ಹೇಳಿದರೆ ಒಳ್ಳೆಯದು.

ನೆನಪಿನ ವಿಷಯಕ್ಕೆ ಬಂದರೆ ಇನ್ನೂ ವಿಸ್ಮಯದ ಸಂಗತಿಯಿದೆ. 1930ರ ದಶಕದ ಆರಂಭದಲ್ಲಿ ಲೊರೆಂಜೊ ಟರ್ನರ್ ಎಂಬ ಕಪ್ಪು ಭಾಷಾಶಾಸ್ತ್ರಜ್ಞ ಜಾರ್ಜಿಯಾದ ಕಡಲ ತೀರದ ಹಳ್ಳಿಗಳಲ್ಲಿ ಅಲೆದು ಜನರ ಮಾತು, ಹಾಡುಗಳನ್ನು ದಾಖಲಿಸಿಕೊಂಡರು. ಹ್ಯಾರಿಸ್ ನೆಕ್ ಎಂಬಲ್ಲಿ ಅಮೀಲಿಯಾ ಡಾಲಿ ಎಂಬ ಹೆಂಗಸು ಅವರಿಗೆ ಒಂದು ಚಿಕ್ಕ ಹಾಡು ಹಾಡಿ ಕೇಳಿಸಿದಳು. ತಾಯಿಯಿಂದ ಕಲಿತದ್ದು. ಅದರ ಒಂದು ಪದದ ಅರ್ಥವೂ ಆಕೆಗೆ ಗೊತ್ತಿರಲಿಲ್ಲ. ಅದು ಸಿಯೆರಾ ಲಿಯೋನ್ ದೇಶದ ಮೆಂಡೆ ಭಾಷೆ ಎಂದು ಆಮೇಲೆ ಗುರುತಿಸಿದರು. 1990ರ ಸುಮಾರಿಗೆ ಸಂಶೋಧಕರು ಆ ಧ್ವನಿಮುದ್ರಣವನ್ನು ಹಿಡಿದುಕೊಂಡು ಸಿಯೆರಾ ಲಿಯೋನಿನ ಹಳ್ಳಿ ಹಳ್ಳಿ ತಿರುಗಿದರು. ಕೊನೆಗೆ ಸೆನೆಹನ್ ಎನ್‌ಗೋಲಾ ಎಂಬ ದೂರದ ಹಳ್ಳಿಯಲ್ಲಿ ಬೈಂದು ಜಬಾಟಿ ಎಂಬಾಕೆ ಹಾಡನ್ನು ಕೇಳುತ್ತಲೇ ದನಿಗೂಡಿಸಿದಳು. ಆಕೆಗೆ ಅದನ್ನು ಕಲಿಸಿದವಳು ಅಜ್ಜಿ. ಅದು ಸಾವಿನ ಹಾಡು. ಸತ್ತವರನ್ನು ಕಳಿಸಿಕೊಡುವಾಗ ಹೆಂಗಸರು ಹಾಡುತ್ತಿದ್ದದ್ದು. ಅಮೀಲಿಯಾಳ ಮಗಳು ಮೇರಿ ಮೊರಾನ್ 1997ರಲ್ಲಿ ಆ ಹಳ್ಳಿಗೆ ಹೋಗಿ ಬೈಂದುವನ್ನು ಕಂಡಳು. ಹಡಗಿನ ತಳದಲ್ಲಿ ಸರಪಳಿ ಕಟ್ಟಿಸಿಕೊಂಡು ಬಂದ ಯಾರೋ ಒಬ್ಬಳು ತಂದ ಹಾಡು, ಭಾಷೆ ಸತ್ತ ಮೇಲೂ ಕಂಠದಲ್ಲಿ ಉಳಿದಿತ್ತು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಆಫ್ರಿಕಾದ ಸಂತತಿ ನಮ್ಮ ರಾಜ್ಯದಲ್ಲೇ ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾದ ಕಾಡಂಚಿನಲ್ಲಿ, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಕೆಲವೆಡೆ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟ ಹತ್ತಿದರು. ಅಹಮದನಗರದ ಮಲಿಕ್ ಅಂಬರ್, ಬಿಜಾಪುರದ ಇಖ್ಲಾಸ್ ಖಾನರಂತೆ ಅಧಿಕಾರದ ಶಿಖರ ಮುಟ್ಟಿದ ಆಫ್ರಿಕನ್ನರ ಕಥೆ ಬೇರೆ. ಘಟ್ಟದ ಸಿದ್ದಿಗಳ ಪಾಲಿಗೆ ಬಂದದ್ದು ಕಾಡು, ತೋಟದ ಕೂಲಿ ಮತ್ತು ಜೀತ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕೊಂಕಣಿ, ಉರ್ದು, ಮರಾಠಿ, ಕನ್ನಡ ಆಡುತ್ತಾರೆ. ಆಫ್ರಿಕಾದ ಭಾಷೆ ಉಳಿದಿಲ್ಲ. ಉಳಿದದ್ದು ಡಮಾಮಿ.

ಡಮಾಮಿ ಎಂದರೆ ವಾದ್ಯವೂ ಹೌದು, ಕುಣಿತವೂ ಹೌದು. ಮರದ ಕೊಳವೆಗೆ ಚರ್ಮ ಬಿಗಿದ ಡೋಲು. ಕುಳಿತು ಅಂಗೈಯಿಂದ ನುಡಿಸುತ್ತಾರೆ. ಹೆಂಗಸರು ಗಂಡಸರು ಸುತ್ತುಗಟ್ಟಿ ಕುಣಿಯುತ್ತಾರೆ. ಗುಜರಾತಿನ ಸಿದ್ದಿಗಳು ತಮ್ಮ ಇಂಥ ಕುಣಿತವನ್ನು ‘ಗೋಮಾ’ ಎನ್ನುತ್ತಾರೆ. ಸ್ವಾಹಿಲಿಯಲ್ಲಿ ‘ಎನ್‌ಗೋಮಾ’ ಎಂದರೆ ಮದ್ದಲೆ. ಅದೇ ಪದ ಕುಣಿತಕ್ಕೂ ಉತ್ಸವಕ್ಕೂ ಸಲ್ಲುತ್ತದೆ. ನಮ್ಮ ಸಿದ್ದಿಗಳಲ್ಲಿ ಗಮನಿಸಬೇಕಾದ ಒಂದು ಅಂಶವೆಂದರೆ, ಮೂರು ಧರ್ಮದವರೂ ಹಿರಿಯರನ್ನು ನೆನೆಯುವಾಗ ಒಂದಾಗುತ್ತಾರೆ. ದೇವರು ಬೇರೆಯಾದರೂ ಡಮಾಮಿ ಒಂದೇ. ಚಿದಂಬರರಾವ್ ಜಂಬೆ ಅವರು ನೀನಾಸಂ ಮೂಲಕ 1980ರ ದಶಕದಲ್ಲಿ ಮಂಚೀಕೇರಿ ಕಡೆಯ ಸಿದ್ದಿಗಳನ್ನು ಕಲೆಹಾಕಿ, ಚಿನುವ ಅಚೆಬೆಯ ಕಾದಂಬರಿಯನ್ನು ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’ ನಾಟಕ ಆಡಿಸಿದರು. ಆಫ್ರಿಕಾದ ಕಥೆಯನ್ನು ಆಫ್ರಿಕಾ ಕಾಣದ ಆಫ್ರಿಕನ್ನರು ಕನ್ನಡದಲ್ಲಿ ಆಡಿದರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿಯವರು ಸೇರಿದ್ದು 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅಲ್ಲಿಯವರೆಗೆ ಹೊರಗಿನ ಕನ್ನಡಿಗರು ಅವರನ್ನು ಗುರುತಿಸಿದ್ದು ಬಹುಮಟ್ಟಿಗೆ ಡಮಾಮಿಯಿಂದ. ಅದೂ ಹಲವು ವೇದಿಕೆಗಳಲ್ಲಿ ಸೊಪ್ಪು ಕಟ್ಟಿಸಿ, ಮುಖಕ್ಕೆ ಬಣ್ಣ ಬಳಿಸಿ. ಮನೆಯಂಗಳದಲ್ಲಿ ಸೀರೆ, ಅಂಗಿ ತೊಟ್ಟೇ ಕುಣಿಯುವವರಿಗೆ ಈ ವೇಷ ಯಾರ ಸಲುವಾಗಿ ಎಂದು ಕೇಳಿದರೆ ಉತ್ತರ ಸಿಕ್ಕುವುದು ಕಷ್ಟ.

ಸಿದ್ದಿಯ ಡಮಾಮಿ ಅವನ ಮನೆಯದು. ದುಡಿಮೆ ಮುಗಿದ ಮೇಲೆ, ಒಡೆಯನ ಕಣ್ಣಿಗೆ ಮರೆಯಾಗಿ, ತನ್ನವರಿಗಾಗಿ ನುಡಿಸಿದ್ದು. ಆದ್ದರಿಂದಲೇ ಅದು ಅಮೆರಿಕದ ಕಥೆಗೆ ಹತ್ತಿರ. ತಮಟೆಯ ಕಥೆ ಹಾಗಲ್ಲ. ಅದು ಒಡೆಯನ ಅಂಗಳದಲ್ಲಿ, ಒಡೆಯನ ಸಾವಿಗೆ, ಒಡೆಯನ ಅಪ್ಪಣೆಯಂತೆ ನುಡಿದದ್ದು. ತನ್ನ ಮನೆಯ ಸಾವಿಗೂ ಅವನೇ ಬಾರಿಸಿಕೊಳ್ಳಬೇಕು. ಮೇಲಿನ ಕೇರಿಯವರು ಬಂದು ಬಾರಿಸುವ ಪ್ರಶ್ನೆಯೇ ಇರಲಿಲ್ಲ. ಹಾಗಾಗಿ ಅಲ್ಲಿ ನುಡಿಸುವುದು ಪ್ರತಿಭಟನೆಯಾದರೆ ಇಲ್ಲಿ ನುಡಿಸದಿರುವುದೇ ಪ್ರತಿಭಟನೆಯಾಯಿತು.

ಆ ಪ್ರತಿಭಟನೆ ಗಟ್ಟಿಯಾಗಿ ಕೇಳಿಸಿದ್ದು ನಮ್ಮ ನೆರೆಯಲ್ಲೇ. ತರೀಕೆರೆಯಿಂದ ರೈಲು ಹತ್ತಿದರೆ ಶಿವಮೊಗ್ಗಕ್ಕೆ ಮೊದಲು ಸಿಕ್ಕುವ ಭದ್ರಾವತಿ ಕಬ್ಬಿಣ, ಕಾಗದದ ಕಾರ್ಖಾನೆಗಳ ಊರು. ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದಕ್ಕೆ ಅದಿರು ಬರುತ್ತಿದ್ದದ್ದು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ. ಅಲ್ಲಿನ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಹರಿಹರ ಮೂಲದ ಪ್ರೊ. ಬಿ. ಕೃಷ್ಣಪ್ಪನವರು 1970ರ ದಶಕದ ನಡುವಿನಲ್ಲಿ ಗೆಳೆಯರೊಂದಿಗೆ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಅದಕ್ಕೆ ಸ್ವಲ್ಪ ಮುಂಚೆ, 1973ರಲ್ಲಿ, ಸಚಿವ ಬಿ. ಬಸವಲಿಂಗಪ್ಪನವರ ‘ಬೂಸಾ’ ಮಾತಿನಿಂದ ಎದ್ದ ಗಲಭೆ ರಾಜ್ಯದ ದಲಿತ ತರುಣರನ್ನು ಒಂದುಗೂಡಿಸಿತ್ತು. ಈ ಸಂಘಟನೆ ಬೇರೂರಿದ್ದು ಕಾರ್ಖಾನೆಯ ಊರಿನಲ್ಲಿ ಎಂಬುದು ಆಕಸ್ಮಿಕವಲ್ಲ ಎಂದೇ ನನ್ನ ಎಣಿಕೆ. ತಿಂಗಳ ಸಂಬಳ ಬರುವವನಿಗೆ ಕಣದ ಮೇರೆಯ ಹಂಗಿಲ್ಲ. ಊರ ಗೌಡನಿಗೆ ‘ಆಗುವುದಿಲ್ಲ’ ಎನ್ನಲು ಧೈರ್ಯ ಬೇಕು, ಜೊತೆಗೆ ಮರುದಿನದ ಊಟವೂ ಬೇಕು.

ಚಳವಳಿ ಬರುತ್ತಲೇ ಹಾಡು ಬಂದಿತು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಅಚ್ಚಾದದ್ದು 1975ರಲ್ಲಿ. ಅದರ ಪದ್ಯಗಳು ಪುಸ್ತಕದಲ್ಲಿ ಉಳಿಯಲಿಲ್ಲ, ಓದಲು ಬಾರದವರ ಬಾಯಿಗೂ ಹೋದವು. ಅದೇ ವರ್ಷ ಹುಟ್ಟಿದ ‘ಸಮುದಾಯ’ ಬೀದಿನಾಟಕಗಳ ಜೊತೆ ಹಾಡುಗಳನ್ನು ಊರೂರಿಗೆ ಒಯ್ದಿತು. ಮುಂದೆ ಕೋಲಾರದ ಕಡೆಯಿಂದ ಗೊಲ್ಲಹಳ್ಳಿ ಶಿವಪ್ರಸಾದ್, ಪಿಚ್ಚಳ್ಳಿ ಶ್ರೀನಿವಾಸ್ ಅವರಂಥ ಹಾಡುಗಾರರು ಬಂದರು. ಧಾಟಿಗಳು ಹೊಸವಲ್ಲ. ತತ್ವಪದ, ಲಾವಣಿ, ಸೋಬಾನೆ, ಕೂಲಿಯವರ ಪದ, ಹೀಗೆ ಜನ ಬಲ್ಲ ಮಟ್ಟುಗಳೇ. ಮಾತು ಹೊಸದು. ಒಬ್ಬ ಹೇಳಿದರೆ ನೆರೆದವರು ಎತ್ತಿಕೊಳ್ಳುವ ಕ್ರಮವಿದ್ದುದರಿಂದ ಕೇಳುಗನಿಗೂ ಹಾಡುಗನಿಗೂ ಅಂತರ ಉಳಿಯಲಿಲ್ಲ. ಹಾರ್ಮೋನಿಯಂ ಹೊತ್ತು ತಿರುಗುವ ಅನುಕೂಲ ಯಾರಿಗಿತ್ತು? ಕೈಗೆ ಸಿಕ್ಕುತ್ತಿದ್ದ ವಾದ್ಯವೆಂದರೆ ಕಂಜರ, ಮತ್ತು ತಮಟೆ.

ಇಲ್ಲೇ ಒಂದು ಬಿಕ್ಕಟ್ಟು ಎದುರಾದದ್ದು. ಹಗಲು ಸಭೆಯಲ್ಲಿ ಬಿಟ್ಟಿ ಚಾಕರಿ ಬಿಡಿ, ಸತ್ತ ದನ ಎಳೆಯಬೇಡಿ, ಸಾವಿಗೆ ತಮಟೆ ಬಾರಿಸಬೇಡಿ ಎಂದು ಹೇಳುವ ಚಳವಳಿ, ಸಂಜೆಯ ಮೆರವಣಿಗೆಗೆ ಅದೇ ತಮಟೆಯನ್ನು ಹಿಡಿಯಬೇಕಾಯಿತು. ಹೀನ ಕೆಲಸಗಳನ್ನು ಬಿಡಿ ಎಂಬ ಕರೆ 1927ರ ಮಹಾಡ್ ಸಮ್ಮೇಳನದಲ್ಲಿ ಅಂಬೇಡ್ಕರರು ಕೊಟ್ಟದ್ದೇ. ಚಳವಳಿ ತಲುಪಿದ ಹಲವು ಕೇರಿಗಳಲ್ಲಿ ಇನ್ನು ಮುಂದೆ ಊರಿನ ಸಾವಿಗೆ ಹೋಗುವುದಿಲ್ಲ ಎಂಬ ತೀರ್ಮಾನಗಳಾದವು. ಊರಿನವರ ಉತ್ತರವೂ ಎಲ್ಲೆಡೆ ಒಂದೇ ಬಗೆಯದು. ಕೂಲಿಗೆ ಕರೆಯಲಿಲ್ಲ, ಅಂಗಡಿಯಲ್ಲಿ ಸಾಮಾನು ಕೊಡಲಿಲ್ಲ, ಗಿರಣಿಯಲ್ಲಿ ಹಿಟ್ಟು ಬೀಸಲಿಲ್ಲ. ತಮಟೆ ಬಾರಿಸದ್ದಕ್ಕೆ ಬಹಿಷ್ಕಾರ ಎಂಬ ಸುದ್ದಿ ರಾಜ್ಯದ ಯಾವುದಾದರೂ ಮೂಲೆಯಿಂದ ಈ ಶತಮಾನದಲ್ಲೂ ಬಂದಿದೆ. ಬಿಟ್ಟಿ ದುಡಿಸಿಕೊಳ್ಳುವುದನ್ನು 1989ರ ದೌರ್ಜನ್ಯ ತಡೆ ಕಾಯ್ದೆ ಅಪರಾಧವೆಂದಿತು. ಹೆಣ ಹೊರಿಸುವುದು, ಗುಂಡಿ ತೋಡಿಸುವುದು, ಸಾಮಾಜಿಕ ಬಹಿಷ್ಕಾರ ಹಾಕುವುದು ಇವನ್ನೂ 2015ರ ತಿದ್ದುಪಡಿ ಆ ಪಟ್ಟಿಗೆ ಸೇರಿಸಿತು. ಬಾರಿಸಲಾರೆ ಎನ್ನುವ ಹಕ್ಕನ್ನು ಕಾನೂನು ಈಗ ಕೊಟ್ಟಿದೆ. ಅದನ್ನು ಬಳಸಲು ಎಷ್ಟು ಜನ ಠಾಣೆಯ ಮೆಟ್ಟಿಲು ಹತ್ತಿಯಾರು ಎಂಬುದು ಬೇರೆ ಮಾತು.

ತಮಟೆ ಬಿಟ್ಟವರ ಮಾತನ್ನು ನಾವು ಹಗುರವಾಗಿ ಕಾಣಬಾರದು. ‘ಕಲೆ ನಶಿಸುತ್ತಿದೆ’ ಎಂದು ಪಟ್ಟಣದಲ್ಲಿ ಕುಳಿತು ಮರುಗುವುದು ಸುಲಭ. ಅಪ್ಪ ತಮಟೆ ಹಿಡಿದು ಅಂಗಳದ ಮೂಲೆಯಲ್ಲಿ ನಿಂತು, ಎಸೆದ ಚಿಲ್ಲರೆಯನ್ನು ಆಯ್ದುಕೊಂಡದ್ದನ್ನು ಕಂಡ ಮಗ ಅದನ್ನು ಅಟ್ಟಕ್ಕೆಸೆದು ಶಾಲೆಗೆ ಹೋದದ್ದರಲ್ಲಿ ತಪ್ಪೇನು? ಅಮೆರಿಕದಲ್ಲೂ ಹೀಗೇ ಆಗಿತ್ತು. ಬಿಡುಗಡೆಯಾದ ಗುಲಾಮರ ಮಕ್ಕಳಿಗಾಗಿ ನ್ಯಾಷ್‌ವಿಲ್‌ನಲ್ಲಿ ತೆರೆದ ಫಿಸ್ಕ್ ವಿದ್ಯಾಸಂಸ್ಥೆ 1871ರಲ್ಲಿ ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಾಗ ಒಂಬತ್ತು ವಿದ್ಯಾರ್ಥಿಗಳ ಗಾಯಕ ತಂಡ ಪ್ರವಾಸ ಹೊರಟಿತು. ಆರಂಭದಲ್ಲಿ ಅವರು ಹಾಡುತ್ತಿದ್ದದ್ದು ಬಿಳಿಯರ ಸಭ್ಯ ಹಾಡುಗಳನ್ನು. ತಮ್ಮ ಹಿರಿಯರು ಹೊಲಗಳಲ್ಲಿ, ರಾತ್ರಿಯ ಕದ್ದ ಪ್ರಾರ್ಥನೆಗಳಲ್ಲಿ ಹಾಡಿದ ಗೀತೆಗಳನ್ನು ಹೊರಗಿನವರ ಮುಂದೆ ಹಾಡಲು ಅವರಿಗೆ ಮನಸ್ಸಿರಲಿಲ್ಲ. ಅವು ಗುಲಾಮಗಿರಿಯ ನೆನಪು, ಜೊತೆಗೆ ಪವಿತ್ರ ಕೂಡ. ಕೊನೆಗೆ ಹಾಡಿದರು, ಸಭೆಗಳು ಮೂಕವಾದವು. 1873ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಎದುರು ಹಾಡಿದರು. ಗಳಿಸಿದ ಹಣದಿಂದ ವಿದ್ಯಾಸಂಸ್ಥೆಗೆ ಕಟ್ಟಡವೆದ್ದಿತು. ಮುಖ್ಯವಾದ ಅಂಶ ಇದು: ಅವರು ಹಾಡಿದ್ದು ತಾವೇ ನಿರ್ಧರಿಸಿದ ಮೇಲೆ, ತಮ್ಮದೇ ಕಟ್ಟಡಕ್ಕಾಗಿ.

ತಮಟೆಗೂ ಅಂಥದೊಂದು ತಿರುವು ಬಂದಿದೆ. ತಮಿಳುನಾಡಿನಲ್ಲಿ ಪರೈ ವಾದ್ಯವನ್ನು ಅವಮಾನದ ಗುರುತೆಂದು ಕೆಳಗಿಟ್ಟವರ ಮಕ್ಕಳೇ ಅದನ್ನು ಹೋರಾಟದ ವಾದ್ಯವೆಂದು ಮತ್ತೆ ಎತ್ತಿಕೊಂಡರು. ದಿಂಡಿಗಲ್‌ನಲ್ಲಿ ದಲಿತ ಹೆಂಗಸರದೇ ಒಂದು ಪರೈ ತಂಡ, ಶಕ್ತಿ, ಬಹಳ ವರ್ಷಗಳಿಂದ ಹೆಸರು ಮಾಡಿದೆ. ಕರ್ನಾಟಕದಲ್ಲಿ ಚಿಕ್ಕಬಳ್ಳಾಪುರ ಕಡೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆ ವಾದನಕ್ಕಾಗಿಯೇ ಪದ್ಮಶ್ರೀ ಬಂದಿತು. ಗುಡಿಯೊಳಗೆ ಸೇರಿಸದ ವಾದ್ಯ ರಾಷ್ಟ್ರಪತಿ ಭವನ ಸೇರಿತು. ರಂಗಶಿಬಿರಗಳಲ್ಲಿ ಎಲ್ಲ ಜಾತಿಯ ಹುಡುಗ ಹುಡುಗಿಯರು ಕೊರಳಿಗೆ ತಮಟೆ ತಗುಲಿಸಿ ಕಲಿಯುತ್ತಿದ್ದಾರೆ. ಇದು ಸಂತೋಷದ ವಿಷಯ. ಆದರೆ ಶಿಬಿರದಲ್ಲಿ ಕಲಿತ ಮೇಲುಜಾತಿಯ ಹುಡುಗನನ್ನು ಊರಿನಲ್ಲಿ ಸಾವಾದಾಗ ಯಾರೂ ಕರೆಯುವುದಿಲ್ಲ. ಕರೆ ಹೋಗುವುದು ಈಗಲೂ ಕೇರಿಗೇ. ವೇದಿಕೆಯ ತಮಟೆ ಎಲ್ಲರದಾಗಿದೆ, ಹೆಣದ ಮುಂದಿನ ತಮಟೆ ಆಗಿಲ್ಲ.

ಇಂದು ಅಜ್ಜಂಪುರ ಸೀಮೆಯ ಅಂತರಘಟ್ಟೆ ದುರ್ಗಾಂಬಾ ಜಾತ್ರೆಗೆ ಸಿಂಗರಿಸಿದ ಎತ್ತಿನ ಗಾಡಿಗಳು ಸಾಲುಗಟ್ಟುವ ಕಾಲಕ್ಕೆ, ಗಣೇಶನನ್ನು ಬಿಡುವ ಮೆರವಣಿಗೆಗಳಲ್ಲಿ, ಚುನಾವಣೆಯ ಹೊತ್ತಿನಲ್ಲಿ ತಮಟೆಗೆ ಬೇಡಿಕೆ ಕುಗ್ಗಿಲ್ಲ. ತರುಣರು ತಂಡ ಕಟ್ಟಿಕೊಂಡಿದ್ದಾರೆ, ಒಂದೇ ಬಣ್ಣದ ಅಂಗಿ ತೊಡುತ್ತಾರೆ. ಚರ್ಮದ ಬದಲು ಫೈಬರ್ ಹೊದಿಕೆ ಬಂದಿದೆ. ಅದಕ್ಕೆ ಹುಲ್ಲಿನ ಬೆಂಕಿ ಬೇಡ, ಮಳೆಯ ಭಯವಿಲ್ಲ, ಸತ್ತ ದನದ ಸಂಬಂಧವೂ ಇಲ್ಲ. ದನಿ ಮಾತ್ರ ಕೀರಲು. ಹಳಬರಿಗೆ ಅದು 'ಡಬ್ಬದ ಸದ್ದು' ಎನಿಸಬಹುದು, ಆದರೆ ಆ ಹೊದಿಕೆಯ ಜೊತೆಗೆ ಹೋದ ಮೈಲಿಗೆಯನ್ನು ಲೆಕ್ಕಕ್ಕೆ ಹಿಡಿದರೆ ಕೀರಲು ದನಿಯನ್ನು ಸಹಿಸಿಕೊಳ್ಳಬಹುದು. ದರವನ್ನು ಮೊದಲೇ ಮಾತಾಡಿ ಮುಂಗಡ ಪಡೆಯುವ ತಂಡದವನು ಕಣದ ಮೂಲೆಯಲ್ಲಿ ನಿಂತ ಅಜ್ಜನಂತಲ್ಲ. ತಮಟೆಯ ಬಳೆಯ ಮೇಲೆ ತಂಡದ ಹೆಸರಿದೆ, ಮೊಬೈಲ್ ನಂಬರಿದೆ, ಕೆಲವದರ ಮೇಲೆ ಅಂಬೇಡ್ಕರರ ಚಿತ್ರವಿದೆ.

ಇಂಥ ತಂಡಗಳಲ್ಲಿ ಕೆಲವು ಸಾವಿಗೆ ಹೋಗುವುದಿಲ್ಲ ಎಂದು ಖಂಡಿತವಾಗಿ ಹೇಳುತ್ತವೆ. ಅದು ಅವರ ಹಕ್ಕು. ಅದರಿಂದ ಆಗುವುದು ಇಷ್ಟು: ಮೆರವಣಿಗೆಯ ಪೆಟ್ಟು ಸಿನಿಮಾ ಹಾಡಿನ ಲಯದೊಂದಿಗೆ ಬೆರೆತು ಬೆಳೆಯುತ್ತಿದೆ. ಸಾವಿನ ಪೆಟ್ಟುಗಳು, ಅಂದರೆ ಹೆಣ ಎತ್ತುವಾಗಿನದು, ದಾರಿಯಲ್ಲಿ ಇಳಿಸುವಾಗಿನದು, ಮಣ್ಣು ಮಾಡಿ ಹಿಂದಿರುಗುವಾಗಿನದು, ವಯಸ್ಸಾದ ಕೆಲವರ ಕೈಯಲ್ಲಷ್ಟೇ ಉಳಿದಿವೆ. ಜಾರ್ಜಿಯಾದ ತಾಯಿ ಅರ್ಥ ಗೊತ್ತಿಲ್ಲದೆಯೂ ಮಗಳಿಗೆ ಸಾವಿನ ಹಾಡು ಕಲಿಸಿದಳು. ಅದು ಅವಳವರ ಸಾವಿನ ಹಾಡಾಗಿತ್ತು, ಒಡೆಯನದಾಗಿರಲಿಲ್ಲ. ಇಲ್ಲಿನ ತಂದೆ ಅರ್ಥ ಚೆನ್ನಾಗಿ ಗೊತ್ತಿರುವುದರಿಂದಲೇ ಮಗನಿಗೆ ಕಲಿಸಲಿಲ್ಲ. ಈಗ ವಿಶ್ವವಿದ್ಯಾಲಯದವರಾಗಲಿ ಅಕಾಡೆಮಿಯವರಾಗಲಿ ಆ ಪೆಟ್ಟುಗಳನ್ನು ದಾಖಲಿಸಲು ಹೊರಟರೆ, ಯಾವ ಮನೆಯ ಸಾವಿಗೂ ಕಾಯದೆ, ಆ ಹಿರಿಯರನ್ನು ಕುರ್ಚಿಯ ಮೇಲೆ ಕೂರಿಸಿ, ಅವರ ಹೆಸರು ಬರೆದುಕೊಂಡು, ದಿನದ ಸಂಭಾವನೆ ಕೊಟ್ಟು ನುಡಿಸಿ ಎಂದು ಕೇಳಬೇಕಾಗುತ್ತದೆ. ಅವರು ಒಲ್ಲೆ ಎಂದರೆ ಎದ್ದು ಬರಬೇಕಾಗುತ್ತದೆ.